ಯೀಸ್ಟಿನ ಮನೆಯಲ್ಲಿ ಆಡಿನ ರೋಗಾಣು

ಕಂದಲಗಾಂವದಿಂದ ಅಕ್ಕಲಕೋಟೆಯವರೆಗಿನ ಜೋಳದ ಸೀಮೆಯಲ್ಲಿ ಕರಿಮೈಯ ಉಸ್ಮಾನಾಬಾದಿ ಆಡುಗಳೆಂದರೆ ಸಣ್ಣ ರೈತರ ಕೈಗಂಟು. ಆಡು ಕೆಮ್ಮಿ ಏದುಸಿರು ಬಿಟ್ಟರೆ ಮನೆಮಂದಿಗೆಲ್ಲ ದಿಗಿಲು. ಆಡುಗಳಿಗೆ ಶ್ವಾಸಕೋಶದ ಬೇನೆ ತರುವ ಸೂಕ್ಷ್ಮಜೀವಿಗಳಲ್ಲಿ ಮೈಕೊಪ್ಲಾಸ್ಮಾವೂ ಒಂದು. ಅದರ ಕೋಶಕ್ಕೆ ಗೋಡೆಯೇ ಇಲ್ಲ. ಹಾಗಾಗಿ ಪೆನಿಸಿಲಿನ್‌ಗೆ ಜಗ್ಗದು. ಈ ಕುಲದ ಬ್ಯಾಕ್ಟೀರಿಯಾಗಳ ಇಡೀ ಜೀನೋಮನ್ನೇ ಯೀಸ್ಟಿನೊಳಗೆ ಸಾಕುವ ವಿದ್ಯೆ ಈಗ ಪ್ರಯೋಗಾಲಯಗಳಿಗೆ ಕರಗತ.

ಯೀಸ್ಟೇ ಏಕೆ? ಮೈಕೊಪ್ಲಾಸ್ಮಾದ ವಂಶವಾಹಿಗಳನ್ನು ಅದರೊಳಗೇ ತಿದ್ದುವ ಸಲಕರಣೆ ಬಹಳ ಕಡಿಮೆ. ಬ್ರೆಡ್ಡು ಉಬ್ಬಿಸುವ ಯೀಸ್ಟಾದರೋ, ತುದಿಗಳು ಹೊಂದುವ ಡಿಎನ್‌ಎ ತುಣುಕು ಸಿಕ್ಕರೆ ತಾನೇ ಬೆಸೆದುಬಿಡುತ್ತದೆ. ಬೆಂಗಳೂರಿನ ಬಯೋಕಾನ್ ಪಿಕಿಯಾ ಎಂಬ ಯೀಸ್ಟಿನಿಂದ ಇನ್ಸುಲಿನ್ ತೆಗೆಯುತ್ತದೆ, ನಿಜ. ಅಲ್ಲಿ ಸೇರಿಸುವುದು ಒಂದು ಪುಟ್ಟ ವಂಶವಾಹಿ. ಇಡೀ ಬ್ಯಾಕ್ಟೀರಿಯಾ ಎಂದರೆ ಡಿಎನ್‌ಎಯ ಲಕ್ಷಗಟ್ಟಲೆ ಅಕ್ಷರ.

1983ರಲ್ಲಿ ಮರ್ರೆ ಮತ್ತು ಶೋಸ್ಟಾಕ್ ಯೀಸ್ಟಿನೊಳಗೆ ಕೃತಕ ಕ್ರೋಮೋಸೋಮ್ ಕಟ್ಟಿದರು. 1987ರಲ್ಲಿ ಓಲ್ಸನ್ ತಂಡ ಅದನ್ನೇ ದೊಡ್ಡ ಡಿಎನ್‌ಎಗಳ ಕಣಜ ಮಾಡಿತು. ಇಡೀ ಜೀನೋಮಿನ ವಿಷಯದಲ್ಲಿ ಮಾತ್ರ ಮೊದಲ ಗೆಲುವು ಯೀಸ್ಟಿನದಲ್ಲ. 2005ರಲ್ಲಿ ಜಪಾನಿನ ಇತಾಯಾ ತಂಡ ಸುಮಾರು 35 ಲಕ್ಷ ಅಕ್ಷರಗಳ ಸಯನೋಬ್ಯಾಕ್ಟೀರಿಯಾ ಜೀನೋಮನ್ನು ಬ್ಯಾಸಿಲಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾದೊಳಗೆ ತೂರಿಸಿತ್ತು.

ಯೀಸ್ಟಿನ ಸರದಿ ಬಂದದ್ದು 2008ರಲ್ಲಿ. ಅಮೆರಿಕದ ಕ್ರೇಗ್ ವೆಂಟರ್ ಸಂಸ್ಥೆಯವರು 5,82,970 ಅಕ್ಷರಗಳ ಕೃತಕ ಮೈಕೊಪ್ಲಾಸ್ಮಾ ಜೀನೋಮಿನ ಕೊನೆಯ ಬೆಸುಗೆಯನ್ನು ಯೀಸ್ಟಿಗೇ ಬಿಟ್ಟರು. ಹೊರತೆಗೆದ ಜೀನೋಮಿಗೆ ಜೀವ ಬರಿಸುವುದು ಕಷ್ಟವಾಯಿತು. ಒಂದು ಮೈಕೊಪ್ಲಾಸ್ಮಾದ ಜೀನೋಮನ್ನು ಇನ್ನೊಂದಕ್ಕೆ ಕಸಿ ಮಾಡುವುದು 2007ರಲ್ಲೇ ಸಾಧ್ಯವಾಗಿತ್ತು. ಆ ಎರಡೂ ಆಡಿನ ರೋಗಾಣುಗಳೇ. ಯೀಸ್ಟಿನಲ್ಲಿ ಬೆಳೆದ ಡಿಎನ್‌ಎ ಮೇಲೆ ಮಾತ್ರ ಮೀಥೈಲ್ ಗುರುತುಗಳಿರಲಿಲ್ಲ. ಗುರುತಿಲ್ಲದ ಆಡನ್ನು ಹಿಂಡು ಹೊರಗಿಟ್ಟ ಹಾಗೆ, ಹೊಸ ಕೋಶದ ಕತ್ತರಿ ಕಿಣ್ವಗಳು ಅದನ್ನು ತುಂಡರಿಸಿದವು. 2009ರಲ್ಲಿ ಲಾರ್ಟಿಗ್ ಮತ್ತು ಸಂಗಡಿಗರು ಮೊದಲೇ ಗುರುತು ಹಚ್ಚಿ, ಇಲ್ಲವೇ ಆ ಕತ್ತರಿಯನ್ನೇ ತೆಗೆದು, ಈ ತೊಡಕು ಬಿಡಿಸಿದರು.

2010ರಲ್ಲಿ ಬೆಂಡರ್ಸ್ ಮತ್ತಿತರರು ಮೂರು ಮೈಕೊಪ್ಲಾಸ್ಮಾಗಳ ಜೀನೋಮ್‌ಗಳನ್ನು ಯೀಸ್ಟಿನಲ್ಲಿ ಉಳಿಸಿ ತೋರಿಸಿದರು. ಅತಿಥಿ ಯೀಸ್ಟಿಗೆ ವಿಷವಾಗದ್ದು ಹೇಗೆ? ಯುಜಿಎ ಎಂಬ ಮೂರಕ್ಷರ ಮೈಕೊಪ್ಲಾಸ್ಮಾಕ್ಕೆ ಟ್ರಿಪ್ಟೊಫ್ಯಾನ್ ಸೇರಿಸುವ ಸೂಚನೆ. ಯೀಸ್ಟಿಗೆ ಅದು ‘ನಿಲ್ಲು’. ಬಹಳಷ್ಟು ಪ್ರೋಟೀನುಗಳು ನಡುವೆಯೇ ನಿಂತುಬಿಡುತ್ತವೆ. ಈ ರಕ್ಷಣೆಯಿಲ್ಲದ ಅಕೋಲೆಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ ಸಂಶೋಧಕರನ್ನು ಕಾಡಿತು. ಅದರ ನ್ಯೂಕ್ಲಿಯೇಸ್ ಎಂಬ ಕತ್ತರಿ ಕಿಣ್ವದ ಒಂದು ವಂಶವಾಹಿ ಯೀಸ್ಟಿಗೆ ವಿಷವಾಗಿತ್ತು ಎಂಬುದು 2012ರಲ್ಲಿ ಬಯಲಾಯಿತು.

ಮರುವರ್ಷ ಕರಾಸ್ ತಂಡ ಡಿಎನ್‌ಎ ಹೊರತೆಗೆಯುವ ಗೋಜನ್ನೇ ಬಿಟ್ಟಿತು. ಬ್ಯಾಕ್ಟೀರಿಯಾ ಮತ್ತು ಯೀಸ್ಟನ್ನು ನೇರ ಕೂಡಿಸಿ 18 ಲಕ್ಷ ಅಕ್ಷರಗಳ ಹೀಮೋಫಿಲಸ್ ಜೀನೋಮನ್ನು ದಾಟಿಸಿತು. ಕೃತಕ ಜೀನೋಮಿನಿಂದ ನಡೆಯುವ ಮೊದಲ ಬ್ಯಾಕ್ಟೀರಿಯಾ 2010ರಲ್ಲಿ, 473 ವಂಶವಾಹಿಗಳ ಕನಿಷ್ಠ ಕೋಶ 2016ರಲ್ಲಿ ಬಂದವು. ಎರಡಕ್ಕೂ ಯೀಸ್ಟೇ ಸೂಲಗಿತ್ತಿ. 2020ರಲ್ಲಿ ಬರ್ನ್‌ನ ತಂಡ ಕೊರೋನಾ ವೈರಸ್ಸಿನ ಜೀನೋಮನ್ನೂ ಯೀಸ್ಟಿನಲ್ಲೇ ಜೋಡಿಸಿತು.

ಆಡು ಸಾಕುವವರಿಗೆ ಹತ್ತಿರದ ಸುದ್ದಿ 2019ರದು. ಯೋರೆಸ್ ಮತ್ತು ಸಂಗಡಿಗರು ಆಡಿನ ಮೈಕೊಪ್ಲಾಸ್ಮಾ ಜೀನೋಮನ್ನು ಯೀಸ್ಟಿನೊಳಗಿಟ್ಟು 68 ವಂಶವಾಹಿಗಳನ್ನು ತೆಗೆದುಹಾಕಿದರು. ಮೂಲ ರೋಗಾಣು ತಗುಲಿದ ಆಡುಗಳು ಕೆಲವೇ ದಿನಗಳಲ್ಲಿ ನೆಲಕಚ್ಚಿದವು; ತಿದ್ದಿದ್ದು ತಗುಲಿದವು ಆರೋಗ್ಯವಾಗೇ ಉಳಿದವು.