ಹವ್ಯಾಸಿ ಬಳಗವೊಂದು ಬದಲಾದ ಬಗೆ: ತೊಗರ್ಸಿ ಸೀಮೆಯಿಂದ ಹೆಗ್ಗೋಡಿನ ಕಡೆಗೆ

ಶಿಕಾರಿಪುರ ತಾಲೂಕಿನ ತೊಗರ್ಸಿ, ಸೊರಬದ ಸೀಮೆಗೆ ಮಗ್ಗುಲಾಗಿರುವ, ಹಳೆಯ ಮಲ್ಲಿಕಾರ್ಜುನ ದೇವಾಲಯವುಳ್ಳ ಗ್ರಾಮ. ಬಳ್ಳಿಗಾವೆ, ತಾಳಗುಂದ, ಉಡುತಡಿಗಳನ್ನು ಒಳಗೊಂಡ ಈ ಪ್ರದೇಶ ಒಂದು ಕಾಲಕ್ಕೆ ಬನವಾಸಿ ನಾಡಿನ ಹೃದಯಭಾಗವಾಗಿತ್ತು. ಶಿಕಾರಿಪುರ ಮತ್ತು ಸೊರಬ ತಾಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾದ 7 ಮತ್ತು 8ನೆಯ ಸಂಪುಟಗಳಲ್ಲಿ ಕ್ರಮವಾಗಿ 1902 ಹಾಗೂ 1904ರಲ್ಲಿ ಪ್ರಕಟಿಸಿದಂದಿನಿಂದ ಇಲ್ಲಿಯ ರಾಜಕೀಯ ಮತ್ತು ಧಾರ್ಮಿಕ ಇತಿಹಾಸದ ಬಗೆಗೆ ಸಾಕಷ್ಟು ಬರವಣಿಗೆ ಬಂದಿದೆ. ಆದರೆ ಇದೇ ನೆಲದಲ್ಲಿ ಹೊಟ್ಟೆಪಾಡಿಗಾಗಿ ಅಲ್ಲದೆ ಕೇವಲ ಆಸಕ್ತಿಯಿಂದ ಕೂಡಿ ಹಾಡಿದ, ಕುಣಿದ, ವೇಷ ಕಟ್ಟಿದ ಬಳಗಗಳ ಇತಿಹಾಸವನ್ನು ಬರೆದವರು ಕಡಿಮೆ. ಅಂಥ ಬಳಗಗಳು ಕಾಲಕಾಲಕ್ಕೆ ಎದುರಿಸಿದ ಬದಲಾವಣೆಯನ್ನು ಹೇಗೆ ನಿಭಾಯಿಸಿದವು ಎಂಬ ಪ್ರಶ್ನೆಯಂತೂ ಇನ್ನೂ ಹೊಸದಾಗಿಯೇ ಉಳಿದಿದೆ.

ಬಳ್ಳಿಗಾವೆಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯಮಠವನ್ನು ವರ್ಣಿಸುವ 1162ರ ಶಾಸನ ಇಲ್ಲಿ ನೆನಪಿಗೆ ಬರುತ್ತದೆ. ವ್ಯಾಕರಣ, ದರ್ಶನ, ಕಾವ್ಯ, ನಾಟಕಗಳ ಪಾಠ ನಡೆಯುತ್ತಿದ್ದ ಆ ಮಠದಲ್ಲಿ ದೀನರು, ಅನಾಥರು, ಕುರುಡರು, ಕುಂಟರಿಗೆ ಅನ್ನವಿಕ್ಕುತ್ತಿದ್ದುದನ್ನು ಹೇಳುವ ಶಾಸನ ಅದೇ ಸಾಲಿನಲ್ಲಿ ಕಥೆ ಹೇಳುವವರನ್ನೂ ಗಾಯಕರನ್ನೂ ವಾದಕರನ್ನೂ ನರ್ತಕರನ್ನೂ ಸೇರಿಸುತ್ತದೆ. ಕಲೆಯನ್ನೇ ನೆಚ್ಚಿಕೊಂಡವನು ಪರರ ಅನ್ನಕ್ಕೆ ಕಾಯಬೇಕಾದವನು ಎಂಬ ಸ್ಥಿತಿಯನ್ನು ಇಷ್ಟು ನೇರವಾಗಿ ತೋರಿಸುವ ದಾಖಲೆಗಳು ವಿರಳ. ಹವ್ಯಾಸಿಯ ಸ್ಥಿತಿ ಇದಕ್ಕೆ ತದ್ವಿರುದ್ಧವಾದುದು. ಅವನು ತನ್ನ ಮನೆಯಲ್ಲಿ ಉಂಡು ಬಂದು ಕುಣಿಯುತ್ತಾನೆ. ಬಹುಮಟ್ಟಿಗೆ ತನ್ನ ಕೈಯಿಂದಲೇ ವಂತಿಗೆಯನ್ನೂ ಹಾಕುತ್ತಾನೆ. ಆದ್ದರಿಂದಲೇ ಬಳಗದ ನಡೆಯ ಮೇಲೆ ಅವನಿಗೆ ಮಾತಿದೆ. ಬದಲಾವಣೆಯೊಂದು ತನಗೆ ಒಪ್ಪಿಗೆಯಾಗದಿದ್ದರೆ ಮರುದಿನದ ತಾಲೀಮಿಗೆ ಬಾರದೆ ಉಳಿಯುವ ಸ್ವಾತಂತ್ರ್ಯವೂ ಅವನಿಗಿದೆ. ಸಂಬಳದ ಸಂಸ್ಥೆಗೆ ಇಲ್ಲದ ಈ ಬಿಕ್ಕಟ್ಟು ಹವ್ಯಾಸಿ ಬಳಗಕ್ಕೆ ಹುಟ್ಟಿನಿಂದಲೇ ಬಂದುದು.

ತೊಗರ್ಸಿಯ ಸುತ್ತಿನ ಅರೆಮಲೆನಾಡು ಎರಡು ಆಟಗಳ ನಡುವಿನ ನೆಲ. ಪಡುವಣದ ಸೊರಬ-ಸಾಗರಗಳ ಕಡೆಯಿಂದ ಬಡಗುತಿಟ್ಟಿನ ಯಕ್ಷಗಾನವೂ ತಾಳಮದ್ದಳೆಯೂ, ಬಡಗಣ ಬಯಲಿನ ಕಡೆಯಿಂದ ದೊಡ್ಡಾಟ-ಸಣ್ಣಾಟಗಳೂ ಇಲ್ಲಿಗೆ ಹರಿದು ಬಂದಿವೆ. ಇವುಗಳ ಜೊತೆಗೆ ಹಾಲುಮತದವರ ಡೊಳ್ಳು, ಭಜನಾ ಮಂಡಳಿ, ಕೋಲಾಟ, ಇಪ್ಪತ್ತನೆಯ ಶತಮಾನದಲ್ಲಿ ಕಂಪನಿ ನಾಟಕದ ಅನುಕರಣೆಯಿಂದ ಬೆಳೆದ ಹಳ್ಳಿಯ ನಾಟಕಗಳು. ಸುಗ್ಗಿ ಮುಗಿದು ಜಾತ್ರೆ ಬರುವ ಹೊತ್ತಿಗೆ ವಂತಿಗೆ ಎತ್ತಿ, ಹಾರ್ಮೋನಿಯಂ ಮೇಷ್ಟ್ರನ್ನು ಗೊತ್ತುಮಾಡಿ, ತಿಂಗಳುಗಟ್ಟಲೆ ತಾಲೀಮು ನಡೆಸುವುದು ವಾಡಿಕೆ. ಮೇಷ್ಟ್ರಿಗೆ ಸಂಭಾವನೆ ಉಂಟು; ಸ್ತ್ರೀಪಾತ್ರಕ್ಕೆ ಹೊರಗಿನಿಂದ ಕರೆಸಿದ ಕಲಾವಿದೆಗೂ ಉಂಟು; ಊರಿನ ಪಾತ್ರಧಾರಿಗೆ ಮಾತ್ರ ಇಲ್ಲ. ಹವ್ಯಾಸ ಮತ್ತು ವೃತ್ತಿಗಳ ಬೆರಕೆ ಇತ್ತೀಚಿನದು ಎಂಬ ತಿಳಿವಳಿಕೆ ಸರಿಯಲ್ಲ ಎಂಬುದಕ್ಕೆ ಇಷ್ಟು ಸಾಕು.

ಈ ಪೈಕಿ ತಾಳಮದ್ದಳೆಯನ್ನು ವಿಶೇಷವಾಗಿ ಗಮನಿಸಬೇಕು. ಮೇಳಗಳ ತಿರುಗಾಟ ನಿಂತ ಮಳೆಗಾಲದಲ್ಲಿ ಮನೆಯ ಜಗಲಿಯಲ್ಲೋ ದೇವಸ್ಥಾನದ ಪೌಳಿಯಲ್ಲೋ ವೇಷವಿಲ್ಲದೆ, ಕುಣಿತವಿಲ್ಲದೆ ನಡೆಯುವ ಕೂಟ ಇದು. ಭಾಗವತ ಹಾಡುವ ಪದ್ಯ ಪ್ರಸಂಗದಲ್ಲಿ ಬರೆದಿಟ್ಟದ್ದು. ಅದನ್ನು ಅರ್ಥಧಾರಿ ತಿದ್ದುವಂತಿಲ್ಲ. ಅದರ ಮೇಲೆ ಆಡುವ ಅರ್ಥ ಮಾತ್ರ ಆ ಕ್ಷಣದ್ದು, ಆಡುವವನದು. ಇದಿರಾಳಿಯನ್ನು ಕಟುವಾಗಿ ಖಂಡಿಸಬಹುದು, ಆದರೆ ಪಾತ್ರದೊಳಗೆ ನಿಂತು. ಕಥೆಯನ್ನು ಎಲ್ಲಿಗೆ ಬೇಕಾದರೂ ಎಳೆಯಬಹುದು, ಆದರೆ ಮುಂದಿನ ಪದ್ಯಕ್ಕೆ ಬಂದು ಸೇರಬೇಕು. ಯಾವುದು ನಿಲ್ಲಬೇಕು, ಯಾವುದು ಬದಲಾಗಬಹುದು ಎಂಬುದನ್ನು ಒಂದು ಬಳಗ ಕೂಡಿ ತೀರ್ಮಾನಿಸಿಕೊಳ್ಳುವ ಕ್ರಮವೇ ಇಲ್ಲಿ ಕಲಾರೂಪದ ಒಳಗಡೆ ಸೇರಿಹೋಗಿದೆ.

ಡೊಳ್ಳಿನ ವಿಷಯದಲ್ಲಿ ಹೀಗಾಗಲಿಲ್ಲ. ಬೀರೇಶ್ವರನ ಆರಾಧನೆಗೆ ಕೂಡಿಕೊಂಡಿದ್ದ ಈ ವಾದ್ಯಕ್ಕೆ ಬಾರಿಸುವ ಸಂದರ್ಭ, ಬಾರಿಸುವ ಕುಲ, ಜೊತೆಗಿರಬೇಕಾದ ಹಾಡು ಎಲ್ಲವೂ ಗೊತ್ತುಪಡಿಸಿದ್ದವು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮೆರವಣಿಗೆ, ಸರ್ಕಾರಿ ಉತ್ಸವ, ಸ್ಪರ್ಧೆಗಳು ಡೊಳ್ಳಿಗೆ ಹೊಸ ಸಂದರ್ಭಗಳನ್ನು ಒದಗಿಸಿದವು. ಯುವಕ ಸಂಘಗಳೂ ವಿದ್ಯಾರ್ಥಿಗಳೂ ಮುಂದೆ ಮಹಿಳಾ ತಂಡಗಳೂ ಡೊಳ್ಳನ್ನು ಕಟ್ಟಿಕೊಂಡವು. ಕುಲ ಮತ್ತು ಲಿಂಗದ ಬೇಲಿ ಸಡಿಲಗೊಂಡದ್ದು ಸಣ್ಣ ಸಂಗತಿಯಲ್ಲ. ಆದರೆ ಹತ್ತು-ಹದಿನೈದು ನಿಮಿಷದ ವೇದಿಕೆಗೆ ಹೊಂದಿಸುವ ಅವಸರದಲ್ಲಿ ಹಾಲುಮತದ ಪುರಾಣವನ್ನು ಹೊತ್ತಿದ್ದ ಡೊಳ್ಳಿನ ಹಾಡು ಹಿಂದೆ ಬಿದ್ದು ಕುಣಿತವೊಂದೇ ಮುಂದೆ ಬಂದಿತು. ತಾಳಮದ್ದಳೆಯ ಮಾತಿನಲ್ಲಿ ಹೇಳುವುದಾದರೆ ಇಲ್ಲಿ ಪದ್ಯವೇ ಕಳಚಿಹೋಯಿತು. ಬದಲಾವಣೆಯ ವೇಗವನ್ನು ನಿರ್ಧರಿಸಿದವರು ಬಾರಿಸುವವರಾಗಿರದೆ ಸಮಾರಂಭವನ್ನು ಏರ್ಪಡಿಸುವವರಾಗಿದ್ದುದೇ ಇದಕ್ಕೆ ಮುಖ್ಯ ಕಾರಣವೆಂದು ತೋರುತ್ತದೆ.

ಬದಲಾವಣೆಯನ್ನು ಬಳಗವೇ ಕೈಯಲ್ಲಿ ಹಿಡಿದು ನಡೆಸಿದ, ಮತ್ತು ಅದರ ಹೆಜ್ಜೆಗಳನ್ನು ಇಸವಿಗಳೊಡನೆ ಗುರುತಿಸಬಹುದಾದ ಉದಾಹರಣೆಗಾಗಿ ಸೊರಬವನ್ನು ದಾಟಿ ನೆರೆಯ ಸಾಗರ ತಾಲೂಕಿಗೆ ಹೋಗಬೇಕಾಗುತ್ತದೆ. ಅಲ್ಲಿಯ ಹೆಗ್ಗೋಡಿನಲ್ಲಿ 1949ರಲ್ಲಿ ಊರಿನ ಆಸಕ್ತರು ಕೂಡಿ ಕಟ್ಟಿದ ನೀಲಕಂಠೇಶ್ವರ ನಾಟ್ಯ ಸೇವಾ ಸಂಘವೇ ಆ ಉದಾಹರಣೆ. 1932ರಲ್ಲಿ ಹುಟ್ಟಿದ ಕೆ. ವಿ. ಸುಬ್ಬಣ್ಣ ಆಗಿನ್ನೂ ಹದಿಹರೆಯದವರು. ಸಂಘದ ಹೆಸರನ್ನೇ ಸ್ವಲ್ಪ ಬಿಡಿಸಿ ನೋಡಬಹುದು. ನೀಲಕಂಠೇಶ್ವರ ಊರಿನ ದೇವರು. ‘ಸೇವೆ’ ಎಂಬುದು ಆಟದ ಲೋಕಕ್ಕೆ ಹೊಸ ಮಾತಲ್ಲ. ಹರಕೆಯ ಆಟವನ್ನು ಸೇವೆಯ ಆಟವೆಂದೇ ಕರೆಯುವ ವಾಡಿಕೆಯಿದೆ. ಇವೆರಡರ ನಡುವೆ ‘ನಾಟ್ಯ’ ಎಂಬ ಶಾಸ್ತ್ರದ ಮಾತು. ಮುಂದೆ ಈ ಉದ್ದನೆಯ ಹೆಸರು ‘ನೀನಾಸಂ’ ಎಂದು ಮೊಟಕಾಯಿತು. ದೇವರ ಹೆಸರು ಅಳಿಯಲೂ ಇಲ್ಲ, ಎದ್ದು ಕಾಣಿಸಲೂ ಇಲ್ಲ. ಒಂದಕ್ಷರವಾಗಿ ಒಳಗೆ ಕುಳಿತಿತು. ಈ ಸಂಘದ ಮುಂದಿನ ನಡೆಗಳಲ್ಲಿಯೂ ಇಂಥದೇ ಜಾಣ್ಮೆ ಕಾಣುತ್ತದೆ.

ಮೊದಲ ಎರಡು ದಶಕಗಳ ಸಂಘ ಸುತ್ತಲಿನ ಬೇರಾವುದೇ ಹಳ್ಳಿಯ ನಾಟಕದ ಸಂಘವನ್ನು ಹೋಲುವಂಥದು. ಅದರ ಹಿನ್ನೆಲೆಯನ್ನು ಮಾತ್ರ ಮರೆಯುವಂತಿಲ್ಲ. ಹವ್ಯಾಸಕ್ಕೆ ಬಿಡುವು ಬೇಕು. ಅಡಕೆ ತೋಟದ ಮನೆಗಳಿಗೆ ಇದ್ದ ಬಿಡುವು ಗೇಣಿದಾರನ ಮನೆಗೆ ಇರಲಿಲ್ಲ. ಸಂಘ ಹುಟ್ಟಿದ ಎರಡೇ ವರ್ಷದಲ್ಲಿ, 1951ರಲ್ಲಿ, ಇದೇ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ನಡೆದು ರಾಮಮನೋಹರ ಲೋಹಿಯಾ ಅವರೂ ಅಲ್ಲಿಗೆ ಬಂದು ಬಂಧಿತರಾದರು. ಭೂಸುಧಾರಣೆಯ ತಿದ್ದುಪಡಿ ಕಾಯಿದೆ 1974ರಲ್ಲಿ ಜಾರಿಗೆ ಬರುವವರೆಗಿನ ಅವಧಿಯಲ್ಲಿ ಈ ಸೀಮೆಯ ಮಾಲೀಕ-ಗೇಣಿದಾರ ಸಂಬಂಧ ಬುಡಸಹಿತ ಅಲುಗಾಡುತ್ತಿತ್ತು. ರಂಗದ ಮೇಲೆ ಯಾರು ನಿಲ್ಲುತ್ತಾರೆ, ಕೆಳಗೆ ಯಾರು ಕೂರುತ್ತಾರೆ ಎಂಬ ಪ್ರಶ್ನೆಗೆ ಆ ದಶಕಗಳಲ್ಲಿ ಇದ್ದ ತೂಕವನ್ನು ಇಂದಿನ ಓದುಗರು ಊಹಿಸಿಕೊಳ್ಳಬೇಕಾಗುತ್ತದೆ. ಹೆಗ್ಗೋಡಿನ ಬಳಗದ ಬದಲಾವಣೆಯನ್ನು ಬರಿಯ ಕಲಾಭಿರುಚಿಯ ಕಥೆಯಾಗಿ ಹೇಳುವವರು ಈ ನೆಲವನ್ನು ಬಿಟ್ಟುಬಿಡುತ್ತಾರೆ.

1972ರಲ್ಲಿ ಶಿವರಾಮ ಕಾರಂತರ ಹೆಸರಿನ ರಂಗಮಂದಿರ ಸಿದ್ಧವಾಯಿತು. ಸೋಗೆಯ ಚಪ್ಪರ ಹಬ್ಬದೊಡನೆ ಎದ್ದು ಹಬ್ಬದೊಡನೆ ಇಳಿಯುವಂಥದು, ಮಂದಿರ ಹಾಗಲ್ಲ. ಅದು ವರ್ಷವಿಡೀ ನಿಂತು ಕೆಲಸ ಬೇಡುತ್ತದೆ. ಋತುವಿಗೆ ಕಟ್ಟುಬಿದ್ದ ಹವ್ಯಾಸ ಋತುವನ್ನು ಮೀರಬೇಕಾದ ಒತ್ತಡಕ್ಕೆ ಸಿಕ್ಕಿದ್ದು ಇಲ್ಲಿಂದಲೇ ಎನ್ನಬಹುದು. ಮರುವರ್ಷವೇ ಚಿತ್ರಸಮಾಜ ಆರಂಭವಾಯಿತು. 1979ರಲ್ಲಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದೂರ್ ಅವರ ನೆರವಿನಿಂದ ಚಲನಚಿತ್ರ ರಸಗ್ರಹಣ ಶಿಬಿರ ಏರ್ಪಟ್ಟು, ನಗರದ ಫಿಲ್ಮ್ ಸೊಸೈಟಿಗಳಲ್ಲಿ ಮಾತ್ರ ನೋಡಸಿಗುತ್ತಿದ್ದ ಜಗತ್ತಿನ ಚಿತ್ರಗಳನ್ನು ತೋಟದ ಕೆಲಸ ಮುಗಿಸಿ ಬಂದ ಜನ ನೋಡಿದರು. ನಾಟಕದ ಸಂಘವೊಂದು ಸಿನಿಮಾವನ್ನು ಎದುರಾಳಿಯೆಂದು ಭಾವಿಸುವುದೇ ಸಹಜವಾಗಿದ್ದ ಕಾಲದಲ್ಲಿ ಹೆಗ್ಗೋಡು ಅದನ್ನು ಮನೆಯೊಳಕ್ಕೆ ಕರೆದುಕೊಂಡಿತು. ಹಾಗೆ ಕರೆದಾಗಲೂ ನಾಟಕದ ಬಳಗವನ್ನು ಚಿತ್ರದ ಬಳಗವನ್ನಾಗಿ ಮಾಡಹೋಗಲಿಲ್ಲ. ಪಕ್ಕದಲ್ಲಿ ಬೇರೆ ಹೆಸರಿನ ಇನ್ನೊಂದು ಅಂಗವನ್ನು ಹುಟ್ಟಿಸಿತು. ಬೇಡವೆನಿಸಿದವರು ಅದಕ್ಕೆ ಸೇರದೆಯೂ ಸಂಘದವರಾಗಿಯೇ ಉಳಿಯಲು ಅವಕಾಶವಿತ್ತು.

ಇದೇ ಕ್ರಮ 1980ರಲ್ಲಿ ರಂಗಶಿಕ್ಷಣ ಕೇಂದ್ರ ಆರಂಭವಾದಾಗಲೂ ಮುಂದುವರಿಯಿತು. ಆದರೆ ಈ ಹೆಜ್ಜೆ ಹಿಂದಿನವುಗಳಿಗಿಂತ ಅಪಾಯದ್ದು. ಅಧ್ಯಾಪಕರು, ಪಠ್ಯಕ್ರಮ, ದಿನಚರಿ, ನಾಡಿನ ಬೇರೆಬೇರೆ ಜಿಲ್ಲೆಗಳಿಂದ ಬರುವ ವಿದ್ಯಾರ್ಥಿಗಳು ಇವೆಲ್ಲ ಸೇರಿ ಹವ್ಯಾಸದ ಅಂಗಳದಲ್ಲಿ ಒಂದು ಶಾಲೆ ತಲೆಯೆತ್ತಿತು. ಸಂಜೆಯ ಹೊತ್ತು ಬಂದು ಪಾತ್ರ ಮಾಡುವವನ ಪಕ್ಕದಲ್ಲಿ ಬೆಳಗಿನಿಂದ ಅಭ್ಯಾಸ ಮಾಡುವ ತರುಣರು ನಿಂತರು. ಇಬ್ಬರ ಕಸುಬಿನ ನಡುವಣ ಅಂತರ ಪ್ರೇಕ್ಷಕರ ಕಣ್ಣಿಗೆ ಕಾಣದೆ ಇರಲಾರದು. ಕುಲ, ಪ್ರದೇಶಗಳ ಎಲ್ಲೆಯನ್ನು ಮೀರಿ ರಂಗದ ಮೇಲೆ ಹೊಸ ಮುಖಗಳು ಬಂದದ್ದು ಶಾಲೆಯಿಂದಾಗಿಯೇ ಎಂಬುದನ್ನೂ ಒಪ್ಪಬೇಕು.

1983ರಿಂದ 1985ರವರೆಗೆ ಫೋರ್ಡ್ ಫೌಂಡೇಶನ್ನಿನ ನೆರವಿನಿಂದ ‘ಜನಸ್ಪಂದನ’ ಯೋಜನೆ ನಡೆದು ನಾಟಕ ಮತ್ತು ಚಲನಚಿತ್ರಗಳು ರಾಜ್ಯದ ಹಳ್ಳಿಗಾಡಿಗೆ ಹೋದವು. ವಂತಿಗೆಯ ಸಂಘಕ್ಕೆ ಹೊರದೇಶದ ಹಣ ಬಂದ ಸಂದರ್ಭ ಇದು. ಇಂಥ ನೆರವಿಗೆ ಅವಧಿಯಿರುತ್ತದೆ. ಅವಧಿ ಮುಗಿದ ಮೇಲೆ ಕೆಲಸವೂ ಮುಗಿಯುವುದು ಅನೇಕ ಸಂಸ್ಥೆಗಳ ಪಾಡು. ಹೆಗ್ಗೋಡಿನಲ್ಲಿ 1985ರಲ್ಲಿ ‘ತಿರುಗಾಟ’ ಹೊರಟಿತು. ಈ ಹೆಸರನ್ನು ಜಾನಪದದ ಅಭ್ಯಾಸಿಗಳು ಲಘುವಾಗಿ ಕಾಣುವಂತಿಲ್ಲ. ಯಕ್ಷಗಾನ ಮೇಳಗಳು ಮಳೆಗಾಲ ಕಳೆದ ಮೇಲೆ ಹೊರಟು, ಮತ್ತೆ ಮಳೆ ಹಿಡಿಯುವ ಮೊದಲು ಗೆಜ್ಜೆ ಬಿಚ್ಚುವವರೆಗೆ ಊರೂರು ಸುತ್ತುವುದನ್ನು ಕರೆಯುವ ಮಾತು ಅದು. ಹೆಸರಿನೊಡನೆ ಕ್ರಮವೂ ಬಂದಿತು. ಮೇಳದಂತೆಯೇ ತಂಡ ಪ್ರತಿವರ್ಷ ಹೊಸದಾಗಿ ಕೂಡುತ್ತದೆ. ಮಳೆಗಾಲದಲ್ಲಿ ಸಿದ್ಧತೆ, ಆಮೇಲೆ ಪ್ರಯಾಣ. ಮೇಳಕ್ಕೆ ವೀಳ್ಯ ಕೊಟ್ಟು ಆಟ ಆಡಿಸುವ ಊರಿನವರ ಸ್ಥಾನದಲ್ಲಿ ಇಲ್ಲಿ ಆಯಾ ಊರಿನ ಹವ್ಯಾಸಿ ಸಂಘ, ಶಾಲೆ, ಗೆಳೆಯರ ಗುಂಪುಗಳು ನಿಂತವು. ಆಧುನಿಕ ರಂಗಭೂಮಿಯ ಶಬ್ದಕೋಶದಲ್ಲಿ ಇದಕ್ಕೆ ರೆಪರ್ಟರಿ ಎಂಬ ಮಾತಿದೆ. ಆ ಮಾತಿನಿಂದ ತೊಗರ್ಸಿಯಂಥ ಊರಿನ ಪ್ರೇಕ್ಷಕನಿಗೆ ಏನೂ ತಿಳಿಯುವುದಿಲ್ಲ; ತಿರುಗಾಟವೆಂದರೆ ಎಲ್ಲವೂ ತಿಳಿಯುತ್ತದೆ. ಯಾವಾಗ ಬರುತ್ತದೆ, ಯಾರು ಊಟಕ್ಕೆ ಇಕ್ಕಬೇಕು, ಬೆಳಿಗ್ಗೆ ಎಲ್ಲಿಗೆ ಹೊರಡುತ್ತದೆ ಎಂಬುದೆಲ್ಲ ಆ ಒಂದು ಮಾತಿನೊಳಗಿದೆ.

ಚಲನಚಿತ್ರ ಶಿಬಿರದ ಕಥೆ ಬೇರೆ. ದೂರದರ್ಶನ ಮತ್ತು ವಿಡಿಯೋ ಹಳ್ಳಿಗಳಿಗೂ ತಲುಪಿದ ಮೇಲೆ ಚಿತ್ರಸಮಾಜಗಳ ಅಗತ್ಯ ಎಲ್ಲೆಡೆಯೂ ಕುಗ್ಗಿತು. ಹೆಗ್ಗೋಡಿನ ಶಿಬಿರ ಸಾಹಿತ್ಯ, ಸಂಗೀತ, ಸಮಾಜಚಿಂತನೆಗಳನ್ನು ಸೇರಿಸಿಕೊಳ್ಳುತ್ತ ಸಂಸ್ಕೃತಿ ಶಿಬಿರವಾಗಿ ಹಿಗ್ಗಿತು. 1991ರಲ್ಲಿ ಸುಬ್ಬಣ್ಣನವರಿಗೆ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿ ಬಂದ ಮೇಲೆ ಊರಿಗೆ ಬಂದುಹೋಗುವವರ ಸಂಖ್ಯೆಯೂ ಏರಿತು.

ಈ ಕ್ರಮಕ್ಕೆ ತೆತ್ತ ಬೆಲೆಯೂ ಇದೆ. ಹಳೆಯದನ್ನು ಕೆಡವದೆ ಹೊಸದನ್ನು ಪಕ್ಕದಲ್ಲಿ ಕಟ್ಟುವುದರಿಂದ ಜಗಳ ತಪ್ಪುತ್ತದೆ. ಆದರೆ ಹಳೆಯದು ಮೆಲ್ಲಗೆ ನೆರಳಿಗೆ ಸರಿಯುತ್ತದೆ. ಊರಿನ ಹವ್ಯಾಸಿ ಬಳಗ ನಾಟಕವಾಡುವುದನ್ನು ಬಿಡಲಿಲ್ಲ ಎಂಬುದು ನಿಜ, ಅದು ಅಪರೂಪದ ಸಂಗತಿಯೂ ಹೌದು. ಆದರೂ ಹೆಗ್ಗೋಡೆಂದರೆ ಹೊರಗಿನವರಿಗೆ ನೆನಪಾಗುವುದು ಶಾಲೆ, ತಿರುಗಾಟ, ಶಿಬಿರಗಳೇ. 1949ರ ಮೂಲ ಸಂಘ ಅಲ್ಲ. ಸಂಶೋಧಕರ ಬರವಣಿಗೆಯಲ್ಲಿಯೂ ಹಾಗೆಯೇ ಆಗಿದೆ. ಸಂಬಳವಿಲ್ಲದೆ ದುಡಿದ ಊರಿನವರ ಪಾಲನ್ನು ಒಬ್ಬ ವ್ಯಕ್ತಿಯ ದೊಡ್ಡಸ್ತಿಕೆಯೊಳಗೆ ಕರಗಿಸಿಬಿಡುವ ಪ್ರವೃತ್ತಿ ಅಲ್ಲಿ ಎದ್ದು ಕಾಣುತ್ತದೆ. ಇನ್ನೊಂದು ಪರಿಣಾಮ ಹೊರಗಿನ ಹಳ್ಳಿಗಳದು. ತರಬೇತಿ ಪಡೆದ ನಿರ್ದೇಶಕರು ಊರೂರಿಗೆ ಹೋದಂತೆ ಹಳ್ಳಿಯ ನಾಟಕದ ಅಭಿರುಚಿ ತಿದ್ದಿತು. ಅದರೊಡನೆ ಹಾರ್ಮೋನಿಯಂ ಮೇಷ್ಟ್ರು, ಹಾಡು ಒಂದಾದ ಮೇಲೊಂದು ಬೆಳೆಯುತ್ತ ಬೆಳಗು ಹರಿಯುತ್ತಿದ್ದ ಆಟ, ‘ಒನ್ಸ್ ಮೋರ್’ ಕೇಳುವ ಪ್ರೇಕ್ಷಕನ ಅಧಿಕಾರ ಇವುಗಳ ಬಗೆಗೆ ಒಂದು ಬಗೆಯ ಸಂಕೋಚವೂ ಹುಟ್ಟಿತು. ಆ ಸಂಕೋಚದ ಅಗತ್ಯವಿರಲಿಲ್ಲ.

ಹೀಗಿದ್ದರೂ ಡೊಳ್ಳಿನ ಬದಲಾವಣೆಗೂ ಹೆಗ್ಗೋಡಿನ ಬದಲಾವಣೆಗೂ ಇರುವ ಅಂತರ ಮುಖ್ಯವಾದುದು. ಎರಡೂ ಕಡೆ ಸಮಯ, ಸ್ಥಳ, ಸದಸ್ಯತ್ವ, ಹಣದ ಮೂಲ ಎಲ್ಲವೂ ಬದಲಾದವು. ಹೆಗ್ಗೋಡಿನಲ್ಲಿ ಪ್ರತಿಯೊಂದು ಬದಲಾವಣೆಗೂ ಪ್ರತ್ಯೇಕ ಹೆಸರು, ಪ್ರತ್ಯೇಕ ಜಾಗ ಸಿಕ್ಕಿತು. ಒಪ್ಪದವರಿಗೆ ಮರಳಿ ಹೋಗಲು ಹಳೆಯ ಜಗಲಿಯೂ ಉಳಿಯಿತು. ಡೊಳ್ಳಿನವರಿಗೆ ಅಂಥ ಎರಡನೆಯ ಜಾಗವನ್ನು ಯಾರೂ ಕಟ್ಟಿಕೊಡಲಿಲ್ಲ. ದೇವಸ್ಥಾನದ ಪೌಳಿಯಲ್ಲಿ ಹಾಡಿನ ಡೊಳ್ಳು, ವೇದಿಕೆಯಲ್ಲಿ ಕುಣಿತದ ಡೊಳ್ಳು ಎಂದು ಎರಡನ್ನೂ ಬೇರೆಬೇರೆ ಹೆಸರಿನಲ್ಲಿ ನಡೆಸಿಕೊಂಡು ಬರುವ ಏರ್ಪಾಡು ಆಗಿದ್ದರೆ, ಹಾಡಬಲ್ಲ ಹಿರಿಯರು ಇದ್ದಾಗಲೇ ಹಾಡು ಕಿರಿಯರಿಗೆ ದಾಟುತ್ತಿತ್ತು. ಶಿಕಾರಿಪುರ, ಸೊರಬಗಳ ಹಳ್ಳಿಗಳಲ್ಲಿ ಡೊಳ್ಳಿನ ಹಾಡಿನ ಸಂಗ್ರಹಕ್ಕೆ ತೊಡಗುವವರು ಪಠ್ಯದ ಜೊತೆಗೆ ತಂಡದ ಚರಿತ್ರೆಯನ್ನೂ ಕೇಳಿ ಬರೆದುಕೊಳ್ಳಬೇಕಾದುದು ಈ ಕಾರಣದಿಂದ. ತಂಡಕ್ಕೆ ಯಾರು ಯಾವಾಗ ಸೇರಿದರು, ಯಾವ ವರ್ಷ ಹಾಡು ನಿಂತಿತು, ನಿಲ್ಲಿಸಬೇಕೆಂದು ಯಾರು ಹೇಳಿದರು ಎಂಬ ವಿವರಗಳು ಹಾಡಿನಷ್ಟೇ ಬೇಗ ಮರೆಯಾಗುವಂಥವು.

ಸುಬ್ಬಣ್ಣ 2005ರ ಜುಲೈ 16ರಂದು ತೀರಿಕೊಂಡರು. ಅದು ಮಳೆಗಾಲ, ಮೇಳಗಳ ಲೆಕ್ಕದಲ್ಲಿ ಮುಂದಿನ ವರ್ಷದ ಆಟಕ್ಕೆ ಸಿದ್ಧವಾಗುವ ಹೊತ್ತು. ಮಳೆ ಹಿಂದಾದ ಮೇಲೆ ಆ ವರ್ಷದ ತಿರುಗಾಟ ಎಂದಿನಂತೆ ಹೊರಟಿತು.