ಆನುವಂಶಿಕ ಅರ್ಬುದಪರೀಕ್ಷೆ: ವ್ಯಯ-ಫಲ ವಿಚಾರ

ಕ್ಯಾನ್ಸರ್ ಎಂದು ಪ್ರಸಿದ್ಧವಾದ ಅರ್ಬುದರೋಗವು ಕೆಲವು ಕುಲಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿದುಬರುವುದೆಂಬುದು ಹೊಸ ತಿಳಿವಲ್ಲ. ಫ್ರಾನ್ಸ್ ದೇಶದ ವೈದ್ಯನಾದ ಪಾಲ್ ಬ್ರೋಕನು 1866ರಲ್ಲಿಯೇ ತನ್ನ ಪತ್ನಿಯ ವಂಶದಲ್ಲಿ ಸ್ತನಾರ್ಬುದವು ಅನುವರ್ತಿಸಿದ ಬಗೆಯನ್ನು ವಿವರಿಸಿದ್ದನು. ಆದರೆ ರೋಗವು ತಲೆದೋರುವುದಕ್ಕೆ ಮೊದಲೇ ಅದರ ಮೂಲವನ್ನು ಗುರುತಿಸುವ ಉಪಾಯವು ದೊರೆತುದು ಬಹುಕಾಲದ ಮೇಲೆ. ಅಮೆರಿಕೆಯ ಮೇರಿ-ಕ್ಲೇರ್ ಕಿಂಗ್ ಎಂಬ ವಿದುಷಿಯು 1990ರಲ್ಲಿ 17ನೆಯ ವರ್ಣತಂತುವಿನಲ್ಲಿ ಆ ಮೂಲದ ಸ್ಥಾನವನ್ನು ನಿರ್ದೇಶಿಸಿದಳು. ಬಿ.ಆರ್.ಸಿ.ಎ. 1 ಎಂಬ ಜೀನು 1994ರಲ್ಲಿಯೂ ಬಿ.ಆರ್.ಸಿ.ಎ. 2 ಎಂಬುದು 1995ರಲ್ಲಿಯೂ ಬೆಳಕಿಗೆ ಬಂದುವು.

ಉಪಾಯವು ದೊರೆತೊಡನೆ, ಪರೀಕ್ಷೆಯು ಯಾರಿಗೆ ಸಲ್ಲಬೇಕೆಂಬ ಪ್ರಶ್ನೆಯು ಹುಟ್ಟಿತು. ರೋಗಶೋಧನೆಯ ವ್ಯಯವು ಒಟ್ಟು ವೈದ್ಯವ್ಯಯದೊಡನೆ ತೂಗಿಬರಬೇಕೆಂಬ ಸೂತ್ರವನ್ನು ವಿಲ್ಸನ್, ಯುಂಗ್ನರ್ ಎಂಬವರು 1968ರಲ್ಲಿ ವಿಶ್ವಾರೋಗ್ಯಸಂಸ್ಥೆಯ ಗ್ರಂಥದಲ್ಲಿ ಹೇಳಿದ್ದರು. ಅಮೆರಿಕೆಯಲ್ಲಿ ಈ ಜೀನುಗಳ ಪೇಟೆಂಟ್ ಹಕ್ಕು ಮಿರಿಯಡ್ ಸಂಸ್ಥೆಯ ಕೈಯಲ್ಲಿದ್ದಿತು. ಸಂಪೂರ್ಣ ಪರೀಕ್ಷೆಗೆ 3,000 ಡಾಲರಿಗೂ ಮಿಕ್ಕಿ ತಗಲುತ್ತಿದ್ದಿತು. ಆದಕಾರಣ ಬಂಧುವರ್ಗದಲ್ಲಿ ರೋಗವು ಹೆಚ್ಚಾಗಿ ಕಂಡವರಿಗೆ ಮಾತ್ರ ಪರೀಕ್ಷೆಯೆಂಬ ರೂಢಿಯು ನೆಲಸಿತು.

ಈ ರೂಢಿಯಲ್ಲಿ ಒಂದು ದೋಷವುಂಟು. ಜೀನಿನ ವಿಕಾರವು ತಂದೆಯ ಕಡೆಯಿಂದಲೂ ಬರುವುದು. ಆದರೆ ಪುರುಷರಲ್ಲಿ ಸ್ತನಾರ್ಬುದವು ವಿರಳ. ಸ್ತ್ರೀಸಂತತಿಯು ಕಡಮೆಯಾದ ಕುಲದಲ್ಲಿ ವಿಕಾರವು ಕುರುಹಿಲ್ಲದೆ ಸಾಗಿಬಂದು ಮಗಳಲ್ಲಿ ಪ್ರಕಟವಾಗುವುದು. ಸುಶ್ರುತಸಂಹಿತೆಯು ಆದಿಬಲಪ್ರವೃತ್ತರೋಗಗಳನ್ನು ಮಾತೃಜ, ಪಿತೃಜವೆಂದು ಎರಡಾಗಿ ವಿಂಗಡಿಸಿರುವುದು ಇಲ್ಲಿ ಸ್ಮರಣೀಯವಾಗಿದೆ.

1

2013ನೆಯ ಜೂನ್ 13ರಂದು ಅಮೆರಿಕೆಯ ಸರ್ವೋಚ್ಚ ನ್ಯಾಯಾಲಯವು, ಪ್ರಕೃತಿಸಿದ್ಧವಾದ ಜೀನಿಗೆ ಪೇಟೆಂಟ್ ಸಲ್ಲದೆಂದು ನಿರ್ಣಯಿಸಿತು. ಅನಂತರ ಅನ್ಯ ಪ್ರಯೋಗಶಾಲೆಗಳು ಮುಂದೆ ಬಂದು ಬೆಲೆಯು ಇಳಿಯಿತು. ಅಷ್ಕೆನಾಜಿ ಯೆಹೂದ್ಯರಲ್ಲಿ ಸುಮಾರು 40 ಮಂದಿಗೊಬ್ಬರು ವಿಕಾರವನ್ನು ಧರಿಸಿರುವರು. ಅದೂ ಬಹುಮಟ್ಟಿಗೆ ಮೂರೇ ಬಗೆಯದು. ಹುಡುಕಬೇಕಾದ ಸ್ಥಾನವು ಗೊತ್ತಿರುವುದರಿಂದ ಅವರಲ್ಲಿ ವ್ಯಯವು ಅಲ್ಪ. ಲಂಡನ್ನಿನ ಶೋಧಕರು ಈ ಜನರಲ್ಲಿ ವಿಚಾರಿಸಿದಾಗ, ಕುಲವೃತ್ತಾಂತದ ನಿಯಮವು ವಿಕಾರವುಳ್ಳವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯನ್ನು ಕೈಬಿಡುವುದು ಕಂಡುಬಂದಿತು. 30 ವರ್ಷ ತುಂಬಿದ ಆ ಸ್ತ್ರೀಯರೆಲ್ಲರನ್ನೂ ಪರೀಕ್ಷಿಸಿದರೆ ವ್ಯಯಕ್ಕಿಂತ ಉಳಿತಾಯವೇ ಹೆಚ್ಚೆಂದು 2015ರಲ್ಲಿ ಗಣನೆಯಾಯಿತು. ಇಸ್ರೇಲ್ ದೇಶವು 2020ರಲ್ಲಿ ಅಷ್ಕೆನಾಜಿ ಸ್ತ್ರೀಯರಿಗೆ ಈ ಪರೀಕ್ಷೆಯನ್ನು ರಾಷ್ಟ್ರೀಯ ಆರೋಗ್ಯಸೇವೆಯಲ್ಲಿ ಸೇರಿಸಿತು.

ಆದರೂ ಈ ಗಣನೆಯನ್ನು ಸರ್ವಜನರಿಗೂ ಹಾಗೆಯೇ ಅನ್ವಯಿಸಲಾಗದು. ವಿಕಾರಗಳು ನಾನಾವಿಧವಾಗಿ ಚದರಿರುವ ಜನರಲ್ಲಿ ಇಡೀ ಜೀನನ್ನು ಓದಬೇಕಾಗುವುದು. ಅರ್ಥ ನಿಶ್ಚಯವಾಗದ ಭೇದಗಳೂ ತೋರುವುವು. ಅಲ್ಲದೆ ವಿಕಾರವು ತಿಳಿದಮೇಲೆ ಸಮಾಲೋಚನೆ, ನಿಯತಪರಿಶೀಲನೆ, ಶಸ್ತ್ರಚಿಕಿತ್ಸೆಗಳು ದೊರೆಯದಿದ್ದರೆ ಜ್ಞಾನವು ಭಯಕ್ಕೆ ಮಾತ್ರ ಕಾರಣವಾಗುವುದು. ಆದ್ದರಿಂದ ಪರೀಕ್ಷೆಯ ಸಾರ್ಥಕ್ಯವು ಅದರ ಬೆಲೆಯಿಂದಲೇ ನಿರ್ಣೀತವಾಗತಕ್ಕುದಲ್ಲ. ಆಯಾ ಜನರ ವಂಶಸ್ಥಿತಿಯನ್ನೂ ಅವರಿಗೆ ದೊರೆಯುವ ಚಿಕಿತ್ಸೆಯನ್ನೂ ಕೂಡಿಯೇ ಎಣಿಸತಕ್ಕುದು.