ನಮ್ಮ ಪಾರ್ಕುಗಳು ನಕ್ಷೆಗಿಂತ ಹಳೆಯವು

ಕೊಪ್ಪಳ 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾಯಿತು. ಅಲ್ಲಿಂದ ಈಚೆಗೆ ಊರು ಹೇಗೆ ಬೆಳೆದಿದೆ ಎಂದು ತಿಳಿಯಲು ಯಾವ ದಿಕ್ಕಿನ ರಸ್ತೆ ಹಿಡಿದರೂ ಸಾಕು. ಜೋಳ, ಕಡಲೆ ಬಿತ್ತುತ್ತಿದ್ದ ಹೊಲಗಳಲ್ಲಿ ಈಗ ಬಣ್ಣ ಬಳಿದ ಗಡಿಕಲ್ಲುಗಳು, ಕಮಾನಿನ ಮೇಲೆ ಲೇಔಟಿನ ಹೆಸರು. ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲೂ ಇದೇ ನೋಟ. ಪ್ರತಿ ಲೇಔಟಿನ ನಕ್ಷೆಯ ಒಂದು ಮೂಲೆಗೆ ಹಸಿರು ಬಣ್ಣ ಹಚ್ಚಿ 'ಉದ್ಯಾನ' ಎಂದು ಬರೆದಿರುತ್ತಾರೆ. ಸ್ಥಳಕ್ಕೆ ಹೋಗಿ ನೋಡಿದರೆ ಅಲ್ಲಿ ಜಾಲಿ ಬೆಳೆದಿರುತ್ತದೆ.

ಆ ಮೂಲೆ ಪಾರ್ಕ್ ಆಗುವುದಿಲ್ಲ ಏಕೆ? ಅನುದಾನವಿಲ್ಲ ಎನ್ನುವುದು ಒಂದು ಉತ್ತರ. ನಮ್ಮ ಜಿಲ್ಲೆಯ ಇತಿಹಾಸ ಇನ್ನೊಂದು ಉತ್ತರ ಕೊಡುತ್ತದೆ: ಇಲ್ಲಿ ಬಯಲು ಉಳಿದಿರುವುದು ಜನರಿಗೆ ಅಲ್ಲಿ ಕೆಲಸವಿದ್ದ ಕಡೆ, ಅದನ್ನು ತಮ್ಮದೆಂದು ನೋಡಿಕೊಳ್ಳುವವರು ಇದ್ದ ಕಡೆ.

ಗಂಗಾವತಿ ಸಮೀಪದ ಹಿರೇಬೆಣಕಲ್ ಗುಡ್ಡವನ್ನೇ ನೋಡಿ. ಬೃಹತ್ ಶಿಲಾಯುಗದ ನೂರಾರು ಕಲ್ಮನೆಗಳು ಅಲ್ಲಿವೆ. ನಮ್ಮ ಜನ ಅವನ್ನು ಮೋರ್ಯರ ಮನೆಗಳು ಎನ್ನುತ್ತಾರೆ. ಕಲ್ಲು ತೆಗೆದ ಜಾಗದಲ್ಲೇ ನೀರು ನಿಂತ ಹೊಂಡವೂ ಇದೆ. ಮೇಲೆ ವಾಹನ ಹೋಗುವುದಿಲ್ಲ. ಬಂಡೆಗಳ ನಡುವಿನ ಕಾಲುದಾರಿಯೇ ಗತಿ. ಈಚೆಗೆ ನಗರಗಳಲ್ಲಿ ಕೋಟಿ ಸುರಿದು ಮಾಡುವ 'ಟ್ರೇಲ್' ಎಂದರೆ ಇಂಥದ್ದೇ ಹಾದಿ. ನಮ್ಮಲ್ಲಿ ಅದು ಎರಡು ಸಾವಿರ ವರ್ಷಕ್ಕೂ ಹಿಂದಿನ ಜನ ಓಡಾಡಿದ ಜಾಗದಲ್ಲಿದೆ. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿದೆ.

ಕೊಪ್ಪಳ ನಗರದ ಅಂಚಿನಲ್ಲೂ ಹೀಗೆಯೇ. ಗವಿಮಠದ ಗುಡ್ಡ ಮತ್ತು ಪಾಲ್ಕಿಗುಂಡು ಎರಡರಲ್ಲೂ ಅಶೋಕನ ಶಾಸನಗಳಿವೆ. 1931ರಲ್ಲಿ ಅವು ವಿದ್ವಾಂಸರ ಕಣ್ಣಿಗೆ ಬಿದ್ದವು. ದಾರಿಯ ಬದಿಗೆ ಆಲದ ಮರ ನೆಡಿಸಿದ್ದು, ಬಾವಿ ತೋಡಿಸಿದ್ದು ಅಶೋಕ ಬೇರೆ ಕಡೆ ಕೆತ್ತಿಸಿದ ಶಾಸನಗಳಲ್ಲಿ ಬರುತ್ತದೆ. ನೆರಳು, ನೀರು, ನಡೆಯುವ ದಾರಿ: ಊರಿನ ಯೋಜನೆಗೆ ಇವು ಮೂರು ಬೇಕೆಂದು ಆಗಲೇ ಗೊತ್ತಿತ್ತು.

ಊರಿನ ಕೋಟೆಗುಡ್ಡದ ಕತೆಯೂ ಸಣ್ಣದಲ್ಲ. 1786ರಲ್ಲಿ ಟಿಪ್ಪು ಸುಲ್ತಾನ್ ವಶಪಡಿಸಿಕೊಂಡು ಫ್ರೆಂಚ್ ಎಂಜಿನಿಯರುಗಳ ನೆರವಿನಿಂದ ಭದ್ರಪಡಿಸಿದ ಕೋಟೆ ಇದು. 1858ರಲ್ಲಿ ಮುಂಡರಗಿ ಭೀಮರಾಯರು ಬ್ರಿಟಿಷರ ವಿರುದ್ಧ ಹೋರಾಡಿ ಮಡಿದದ್ದೂ ಇಲ್ಲೇ. ಇಂಥ ಗುಡ್ಡ ಊರೊಳಗೇ ಇರುವಾಗ ನಡೆದಾಡಲು ಜಾಗವಿಲ್ಲ ಎನ್ನುವುದು ಹೇಗೆ?

ಹಾಗೆಂದು ಹಳೆಯದೆಲ್ಲ ತಾನಾಗಿ ಉಳಿಯುತ್ತದೆ ಎಂದಲ್ಲ. ನದಿಯಾಚೆಯ ಹಂಪಿ 1986ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು. ತಳವಾರಘಟ್ಟ ಮತ್ತು ಆನೆಗೊಂದಿ ನಡುವೆ ಸೇತುವೆ ಕಟ್ಟಲು ಹೊರಟಿದ್ದರಿಂದ 1999ರಲ್ಲಿ ಅದು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿತು. 2002ರಲ್ಲಿ ಹಂಪಿ ಪ್ರಾಧಿಕಾರಕ್ಕಾಗಿ ಕಾಯ್ದೆ ಬಂತು, 2006ರಲ್ಲಿ ಆ ಪಟ್ಟಿಯಿಂದ ಹೆಸರು ಹೊರಬಂತು. ಸೇತುವೆ ಮಾತ್ರ ಕಟ್ಟುತ್ತಿರುವಾಗಲೇ 2009ರಲ್ಲಿ ಕುಸಿಯಿತು. ನಮ್ಮ ಕಡೆಯ ವಿರೂಪಾಪುರ ಗಡ್ಡೆಯಲ್ಲಿ ರೆಸಾರ್ಟುಗಳು ಎದ್ದು, ನೂರಾರು ಮಂದಿ ಅವನ್ನೇ ನಂಬಿ ಬದುಕು ಕಟ್ಟಿಕೊಂಡ ಮೇಲೆ, 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನಂತೆ ಅವೆಲ್ಲ ನೆಲಸಮವಾದವು. ಯೋಜನೆ ತಡವಾಗಿ ಬಂದರೆ ಜೆಸಿಬಿಯ ಜೊತೆಗೇ ಬರುತ್ತದೆ. ನಷ್ಟ ಬೀಳುವುದು ದುಡಿಯುವವರ ತಲೆಯ ಮೇಲೆ.

ಇದಕ್ಕೆ ಎದುರಾದ ಉದಾಹರಣೆಯೂ ನಮ್ಮಲ್ಲೇ ಇದೆ. 2019ರಲ್ಲಿ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಮುಂದೆ ನಿಂತು, ಗಿಡಗಂಟಿ, ಕಸ ತುಂಬಿದ್ದ ಹಿರೇಹಳ್ಳವನ್ನು 20 ಕಿ.ಮೀ.ಗೂ ಹೆಚ್ಚು ಉದ್ದಕ್ಕೆ ಜನರಿಂದಲೇ ಸ್ವಚ್ಛ ಮಾಡಿಸಿದರು. ಕುಷ್ಟಗಿ ಬಳಿಯ ನಿಡಶೇಸಿ ಕೆರೆಯ ಹೂಳನ್ನೂ ಜನ ಪಟ್ಟಿ ಹಾಕಿ ತೆಗೆಸಿದರು. ಅಲ್ಲಿ ಯಾರೂ ಪಾರ್ಕ್ ಮಾಡುತ್ತೇವೆ ಎಂದು ಹೊರಟಿರಲಿಲ್ಲ. ನೀರು ಬೇಕಿತ್ತು, ಹೋದರು. ಆದರೆ ದಂಡೆ ತೆರವಾದರೆ ಅದರ ಮೇಲೆ ನಡೆಯುವ ದಾರಿ ಅರ್ಧ ಸಿದ್ಧವಾದಂತೆ.

ಕಾನೂನು ನಮ್ಮ ಕಡೆಗಿದೆ. ಉದ್ಯಾನ, ಆಟದ ಮೈದಾನ, ಬಯಲು ಜಾಗಗಳ ರಕ್ಷಣೆಗೆ ಕರ್ನಾಟಕದಲ್ಲಿ 1985ರ ಕಾಯ್ದೆಯೇ ಇದೆ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಮೀಸಲಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಾಗ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಆ ಹಂಚಿಕೆ ಸಲ್ಲದು ಎಂದಿತು. ಆಸ್ಪತ್ರೆ ಒಳ್ಳೆಯದೇ, ಆದರೆ ಪಾರ್ಕಿನ ಜಾಗ ಪಾರ್ಕಿಗೇ. ಅಲ್ಲಿ ಕೇಳುವ ಜನರಿದ್ದರು, ಅದಕ್ಕೇ ಜಾಗ ಉಳಿಯಿತು.

ಆದ್ದರಿಂದ ನಾವು ಹೇಳುವುದಿಷ್ಟು. ನಮ್ಮ ಊರುಗಳ ಮಹಾಯೋಜನೆ ಬರೆಯುವಾಗ ಪ್ಲಾಟುಗಳ ಗೆರೆ ಆಮೇಲೆ ಎಳೆಯಲಿ. ಮೊದಲು ಗುಡ್ಡ, ಹಳ್ಳ, ಕೆರೆ, ಗಾಯರಾಣ, ಜಾತ್ರೆಗೆ ಜನ ನಡೆದು ಹೋಗುವ ದಾರಿ, ಗಂಗಾವತಿ ಕಡೆಯ ವಿಜಯನಗರ ಕಾಲದ ಕಾಲುವೆಗಳ ಏರಿ ಇವನ್ನು ಗುರುತಿಸಲಿ. ಲೇಔಟಿನವರು ಬಿಡುವ ಉದ್ಯಾನದ ಜಾಗ ಎಲ್ಲೋ ಮೂಲೆಯಲ್ಲಿ ಬೀಳದೆ ಇವಕ್ಕೆ ಹೊಂದಿಕೊಂಡೇ ಬರಲಿ. ಆಗ ನಾಲ್ಕು ಸಣ್ಣ ತುಂಡುಗಳು ಸೇರಿ ಒಂದು ಉದ್ದನೆಯ ದಾರಿಯಾಗುತ್ತದೆ.

ಮಹಾಯೋಜನೆ ಪ್ರಕಟವಾದ ಮೇಲೆ ಸಾರ್ವಜನಿಕರು ಅಭಿಪ್ರಾಯ ಸಲ್ಲಿಸಲು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 60 ದಿನ ಕೊಡುತ್ತದೆ. ನಮ್ಮ ಕಡೆ ಆ ಪ್ರಕಟಣೆಯನ್ನು ಓದುವವರು ಪ್ಲಾಟ್ ವ್ಯಾಪಾರದವರು. ಹಳ್ಳದ ದಂಡೆಯಲ್ಲಿ ಎಮ್ಮೆ ಮೇಯಿಸುವವರಿಗೆ, ನಸುಕಿನಲ್ಲಿ ಗುಡ್ಡ ಹತ್ತುವವರಿಗೆ, ಆಡಲು ಬಯಲಿಲ್ಲದ ಹುಡುಗರಿಗೆ ಅದು ತಲುಪುವುದೇ ಇಲ್ಲ. ಮುಂದಿನ ಸಲ ಪ್ರಕಟಣೆ ಬಂದಾಗ ನಿಮ್ಮ ಓಣಿಯವರನ್ನು ಕರೆದುಕೊಂಡು ಹೋಗಿ ನಕ್ಷೆ ನೋಡಿ. ನಿಮ್ಮ ಹಳ್ಳ ಅದರಲ್ಲಿ ಇಲ್ಲದಿದ್ದರೆ ಒಂದು ಅರ್ಜಿ ಬರೆದು, ಸ್ವೀಕೃತಿ ಪಡೆದು ಬನ್ನಿ.